ಆನೆಗಳಿಲ್ಲದ ಪುಟ

2009ರ ಫೆಬ್ರುವರಿ 9, ಸೋಮವಾರ. ಬೆಳಿಗ್ಗೆ 10.40ಕ್ಕೆ ತಮಿಳು ಕರಾವಳಿಯ ತರಂಗಂಬಾಡಿಯ ಜ್ಞಾನದೀಪ ಓದುಶಾಲೆಯ ಕಾರ್ಯದರ್ಶಿ ರಾಜರಿಗಂ ಅವರು ಎರಡು ಪುಟದ ದೂರು ಹಿಡಿದುಕೊಂಡು ಠಾಣೆಗೆ ಬಂದರು. ಇನ್ಸ್‌ಪೆಕ್ಟರ್ ತಿಲಗವತಿ ದೂರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಹೋದರು.

"ಕಳುವಾಗಿರೋದು ಏನು?"

"ಒಂದು ಹಾಳೆ."

"ಪುಸ್ತಕ ಅಲ್ವಾ?"

"ಪುಸ್ತಕ ಇದೆ. ಅದರೊಳಗಿನ ಒಂದು ಹಾಳೆ ಇಲ್ಲ. ಎಂಬತ್ತೇಳನೇ ಪುಟ, ಅದರ ಬೆನ್ನಿಗೆ ಎಂಬತ್ತೆಂಟು."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಅಮಿರ್ದಲಿಂಗಂ ತಲೆ ಎತ್ತಿದರು. ಊರಿನವರೆಲ್ಲ ಅವರನ್ನು ಏಟ್ಟಯ್ಯ ಎನ್ನುತ್ತಿದ್ದರು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. "ಅಯ್ಯಾ, ಮೊನ್ನೆ ಒಬ್ಬ ಇಡೀ ದೋಣಿ ಕಳ್ಕೊಂಡು ಬಂದಿದ್ದ. ಅವನಿಗೂ ನಿಮ್ಮಷ್ಟು ಕೋಪ ಇರ್ಲಿಲ್ಲ."

"ದೋಣಿ ಬೇರೆ ಮಾಡಿಸ್ಬಹುದು ರೀ," ಎಂದರು ರಾಜರಿಗಂ.

ಪುಸ್ತಕ 1861ರಲ್ಲಿ ಅಚ್ಚಾದದ್ದು. ಡೇನರು ಬಂದು ಕೋಟೆ ಕಟ್ಟಿದ ದಿನದಿಂದ ಊರನ್ನು ಇಂಗ್ಲಿಷರಿಗೆ ಮಾರಿ ಹೊರಟ ದಿನದವರೆಗಿನ ಈ ಊರಿನ ಕತೆಯನ್ನು ಇಲ್ಲಿಯದೇ ಚರ್ಚಿನ ಒಬ್ಬ ಉಪದೇಶಿ ತಮಿಳಿನಲ್ಲಿ ಬರೆದಿದ್ದ. ಉಳಿದಿರುವುದು ಎರಡೇ ಪ್ರತಿ. ಒಂದು ಓದುಶಾಲೆಯ ಕಬ್ಬಿಣದ ಬೀರುವಿನಲ್ಲಿ, ಇನ್ನೊಂದು ಕೋಪನ್‌ಹೇಗನ್‌ನಲ್ಲಿ. ಪುಸ್ತಕವನ್ನು ಹೊಸದಾಗಿ ಅಚ್ಚುಹಾಕಿಸಿ ಊರಿನ ಮನೆಮನೆಗೂ ಹಂಚಬೇಕೆಂದು ಕಳೆದ ಮೇ ತಿಂಗಳಲ್ಲಿ ಓದುಶಾಲೆ ತೀರ್ಮಾನಿಸಿತ್ತು. ಡಿಸೆಂಬರ್‌ನಲ್ಲಿ ಬಂದ ಡೇನಿಷ್ ವಿದ್ವಾಂಸೆಯೊಬ್ಬರು ಪುಟಪುಟದ ಫೋಟೋ ತೆಗೆದುಕೊಂಡು ಹೋಗಿ, ತಮ್ಮ ಕಡೆಯ ಪ್ರತಿಯೊಂದಿಗೆ ಹೋಲಿಸಿ ಕಾಗದ ಬರೆದಿದ್ದರು. ನಿಮ್ಮ ಎಂಬತ್ತೇಳನೇ ಪುಟದಲ್ಲಿರುವುದು ನಮ್ಮ ಪ್ರತಿಯಲ್ಲಿ ಇಲ್ಲ, ನಮ್ಮದರಲ್ಲಿರುವುದು ನಿಮ್ಮಲ್ಲಿ ಇಲ್ಲ.

"ಅಸಲು ಹಾಳೆ ಕಿತ್ತು ಮಾರ್ಕೊಂಡು, ನಕಲಿ ಅಂಟಿಸಿದಾರೆ. ಹಳೇ ಕಾಗದಕ್ಕೆ ವಿದೇಶದಲ್ಲಿ ಏನು ಬೆಲೆ ಇದೆ ಗೊತ್ತಾ ನಿಮಗೆ?"

"ಯಾರ ಮೇಲಾದ್ರೂ ಅನುಮಾನ?"

"ಬೀರುವಿಗೆ ಇರೋದು ಒಂದೇ ಬೀಗದ ಕೈ. ಅದು ನಮ್ಮ ಮೇಲ್ವಿಚಾರಕಿ ಸುಗುಣಾ ಹತ್ತಿರ."

"ಕೋಪನ್‌ಹೇಗನ್‌ನವರ ಪ್ರತಿಯ ಆ ಪುಟದ ಫೋಟೋ ತರಿಸಿ."

"ಕೇಳಿದೀನಿ. ಬುಧವಾರದೊಳಗೆ ಬರುತ್ತೆ."

ಅಪರಾಧ ಸಂಖ್ಯೆ 41/2009 ಎಂದು ಎಫ್‌ಐಆರ್ ದಾಖಲಾಯಿತು. ಕಳವು, ನಷ್ಟ ಉಂಟುಮಾಡುವಿಕೆ, ನಕಲಿ ದಾಖಲೆ ಸೃಷ್ಟಿ.

ಮಧ್ಯಾಹ್ನ 12.15ಕ್ಕೆ ಓದುಶಾಲೆಯಲ್ಲಿ ಸ್ಥಳ ಪಂಚನಾಮೆ. ಬೀರುವಿನ ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಮೇಲ್ವಿಚಾರಕಿ ಸುಗುಣಾಗೆ ನಲವತ್ತಾರು ವರ್ಷ. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ಅದೇ ಕುರ್ಚಿ. ರಾಣಿ ಬೀದಿಯಲ್ಲಿ ಅವರ ಮನೆಯನ್ನು ಉಪ್ಪುದೋಣಿಯವರ ಮನೆ ಎನ್ನುತ್ತಾರೆ, ಯಾಕೆಂದು ಯಾರೂ ಕೇಳುವುದಿಲ್ಲ. ಪಂಚರು ಸಹಿ ಹಾಕುವಾಗ ಆಕೆ ಗೋಡೆಗೆ ಒರಗಿ ನಿಂತಿದ್ದಳು.

"ಬೀಗದ ಕೈ ಮನೆಗೂ ತಗೊಂಡು ಹೋಗ್ತೀರಾ?"

"ಸೊಂಟದಲ್ಲೇ ಇರುತ್ತೆ ಮೇಡಂ."

"ಬೇರೆ ಯಾರಿಗಾದ್ರೂ ಕೊಟ್ಟಿದ್ದುಂಟಾ?"

"ಇಲ್ಲ."

"ಪುಸ್ತಕ ಯಾವತ್ತಾದ್ರೂ ಈ ಕಟ್ಟಡದಿಂದ ಹೊರಗೆ ಹೋಗಿದ್ಯಾ?"

ಸುಗುಣಾ ರಾಜರಿಗಂ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಇಲ್ಲ."

"ಹೊರಗೆ ಕೊಡೋದು ನಿಯಮಕ್ಕೆ ವಿರುದ್ಧ," ಎಂದರು ರಾಜರಿಗಂ. "ಕೊಟ್ಟಿದ್ರೆ ಆವತ್ತೇ ಕೆಲಸದಿಂದ ತೆಗೀತಿದ್ದೆ. ಈಗ ಹೇಗೂ ತೆಗೆದಿದೀನಿ, ಆ ಮಾತು ಬೇರೆ."

ಪುಸ್ತಕವನ್ನು ವಶಕ್ಕೆ ಪಡೆದು, ಬಟ್ಟೆಯಲ್ಲಿ ಸುತ್ತಿ ಠಾಣೆಗೆ ತಂದರು. ಜೀಪಿನಲ್ಲಿ ಏಟ್ಟಯ್ಯ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆನ್ನಿನ ಸಂದಿಯಲ್ಲಿ ಒಮ್ಮೆ ಇಣುಕಿದರು.

"ಮೇಡಂ, ಪುಸ್ತಕಕ್ಕೆ ನೂರೈವತ್ತು ವರ್ಷ. ಹೊಲಿಗೆ ದಾರಕ್ಕೆ ಇನ್ನೂ ಹಲ್ಲು ಬಂದಿಲ್ಲ."

ಮಂಗಳವಾರ ಬೆಳಿಗ್ಗೆ 10ಕ್ಕೆ ಸುಗುಣಾಳನ್ನು ಠಾಣೆಗೆ ಕರೆಸಿದರು. ಅಷ್ಟರಲ್ಲಿ ಡಿವೈಎಸ್‌ಪಿಯವರ ಫೋನು ಎರಡು ಸಲ ಬಂದಿತ್ತು. ವಿದೇಶದವರ ಕಾಗದ ಇರುವ ಕೇಸು, ಪತ್ರಿಕೆಗೆ ಹೋಗುವ ಮೊದಲು ಒಂದು ಬಂಧನ ಆಗಲಿ, ಗುರುವಾರ ದಾಟುವುದು ಬೇಡ.

"ದಾರ ಹೊಸದು. ಪುಸ್ತಕ ಹೊಲಿದವರು ಯಾರು?"

"ಹಳೇದೇ ಇರ್ಬೇಕು ಮೇಡಂ."

"ದಾರಕ್ಕೆ ಹಚ್ಚಿದ ಮೇಣದ ವಾಸನೆ ಇನ್ನೂ ಹೋಗಿಲ್ಲ ಸುಗುಣಾ."

ಬೀಗದ ಕೈ ಇರುತ್ತಿದ್ದ ಕಡೆ ಸುಗುಣಾ ಸೊಂಟ ಮುಟ್ಟಿಕೊಂಡಳು.

"ನಿಮ್ಮನ್ನ ಬಿಟ್ಟು ಬೇರೆ ಯಾರನ್ನ ಹಿಡೀಲಿ ಹೇಳಿ. ಬೀಗದ ಕೈ ನಿಮ್ಮದು, ಬೀರು ನಿಮ್ಮದು, ಸುಳ್ಳೂ ನಿಮ್ಮದು."

"ಹತ್ತೊಂಬತ್ತನೇ ತಾರೀಕು ಮಗನ ಮದುವೆ ಇದೆ," ಎಂದಳು ಸುಗುಣಾ. ಬೇಡಿಕೊಂಡಂತೆ ಇರಲಿಲ್ಲ, ವಿಳಾಸ ಹೇಳಿದಂತೆ ಇತ್ತು. "ಇಪ್ಪತ್ತೈದಕ್ಕೆ ತಪಸ್ಸಿನ ಕಾಲ ಹಿಡಿಯುತ್ತೆ. ಆಮೇಲೆ ಈಸ್ಟರ್‌ವರೆಗೂ ಚರ್ಚಲ್ಲಿ ಮದುವೆ ಮಾಡಲ್ಲ. ನಾನು ಒಳಗಿದ್ರೆ ಮದುವೆ ನಿಲ್ಲುತ್ತೆ."

"ಹೆಣ್ಣು ಯಾವ ಮನೇದು?"

"ಅಳತೆಕಾರರ ಮನೇದು. ವೇದಮಾಣಿಕ್ಕಂ ತಾತನ ಮೊಮ್ಮಗಳು. ಪ್ಯೂಲಾ ಅಂತ."

"ಯಾರನ್ನೋ ಕಾಪಾಡ್ತಿದೀರಿ ನೀವು."

"ಕೆಲಸ ಹೋಯ್ತು. ಮರ್ಯಾದೆ ನಿನ್ನೆ ಜೀಪ್ ಬಂದಾಗ ಹೋಯ್ತು. ಕಾಪಾಡೋಕೆ ನನ್ನ ಹತ್ತಿರ ಏನಿದೆ ಮೇಡಂ?"

ತಿಲಗವತಿ ಆಕೆಯನ್ನು ಕಳಿಸಿಕೊಟ್ಟರು. ಊರು ಬಿಟ್ಟು ಹೋಗಬಾರದು ಎಂದಾಗ ಸುಗುಣಾಗೆ ಸಣ್ಣ ನಗು ಬಂದಂತಿತ್ತು. "ಎಲ್ಲಿಗೆ ಮೇಡಂ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೀಗರು."

ಆ ದಿನ ಸಂಜೆ ನಾಲ್ಕಕ್ಕೆ ಏಟ್ಟಯ್ಯ ಶುಂಠಿ ಕಾಫಿ ತರಿಸಿಕೊಂಡು ಪುಸ್ತಕದ ಮುಂದೆ ಕೂತರು. ಇನ್ಸ್‌ಪೆಕ್ಟರ್ ಫೈಲು ನೋಡುತ್ತಿದ್ದರು. ಎಂಬತ್ತೈದು, ಎಂಬತ್ತಾರು, ಎಂಬತ್ತೇಳು. ಏಟ್ಟಯ್ಯ ತುಟಿ ಅಲ್ಲಾಡಿಸುತ್ತ ಓದಿ, ಹಿಂದಕ್ಕೆ ತಿರುಗಿಸಿ, ಮತ್ತೆ ಓದಿದರು. ಆಮೇಲೆ ಪೆನ್ಸಿಲ್ ಹಿಡಿದು ಚೀಟಿಯ ಮೇಲೆ ಗೀಟು ಹಾಕತೊಡಗಿದರು.

"ಏನದು ಏಟ್ಟಯ್ಯ, ಕಳ್ಳರನ್ನ ಎಣಿಸ್ತಿದೀರಾ?"

"ಆನೆ ಎಣಿಸ್ತಿದೀನಿ ಮೇಡಂ."

ತಿಲಗವತಿ ಫೈಲು ಮುಚ್ಚಿದರು.

"ನೀವು ಹೊಸ ಅಕ್ಷರದಲ್ಲಿ ಓದಿದವರು. ನಾವು ಓದೋವಾಗ ತಮಿಳಲ್ಲಿ ಲೈ, ಳೈ, ನೈ, ಣೈ ಬರೀಬೇಕಾದ್ರೆ ಅಕ್ಷರದ ಮುಂದೆ ಒಂದು ಸೊಂಡಿಲು ಎಳೀತಿದ್ವಿ, ಅದಕ್ಕೇ ಅವನ್ನ ಆನೆ ಅಂತಿದ್ವಿ. ಎಪ್ಪತ್ತೆಂಟರಲ್ಲಿ ಸರ್ಕಾರ ಅದನ್ನ ತೆಗೆದು ಹಾಕ್ತು. ಪಾಠ ಬೇಜಾರಾದ್ರೆ ನಮಗೆ ಅದೇ ಆಟ. ಯಾವ ಪುಟದಲ್ಲಿ ಎಷ್ಟು ಆನೆ ಅಂತ ಎಣಿಸೋದು." ಚೀಟಿ ತಿರುಗಿಸಿ ತೋರಿಸಿದರು. "ಎಂಬತ್ತೈದರಲ್ಲಿ ಇಪ್ಪತ್ತಾರು ಆನೆ. ಎಂಬತ್ತಾರರಲ್ಲಿ ಮೂವತ್ತೊಂದು. ಎಂಬತ್ತೊಂಬತ್ತರಲ್ಲಿ ಇಪ್ಪತ್ತೆರಡು."

"ನಕಲಿ ಹಾಳೆಯಲ್ಲಿ ಹೊಸ ಅಕ್ಷರ ಹಾಕಿದಾನಾ?"

"ಅದೇ ತಮಾಷೆ. ಹೊಸದೂ ಇಲ್ಲ, ಹಳೇದೂ ಇಲ್ಲ. ಎರಡು ಮಗ್ಗುಲಿನಲ್ಲಿ ಒಂದೇ ಒಂದು ಆನೆ ಇಲ್ಲ. ಆ ಅಕ್ಷರ ಬರದ ಹಾಗೆ ಮಾತು ಕಟ್ಟಿದಾನೆ ಪುಣ್ಯಾತ್ಮ. 'ಇಲ್ಲ' ಅಂತ ಹೇಳೋ ಹಾಗಿಲ್ಲ, ಅದು 'ಇಲ್ಲೈ'. 'ಅವನನ್ನು' ಅನ್ನೋ ಹಾಗಿಲ್ಲ, ಅದು 'ಅವನೈ'. ಉಪದೇಶಿ ಉಳಿದ ಕಡೆಯೆಲ್ಲ ಮಕ್ಕಳಿಗೆ ಪಿಳ್ಳೈ ಅಂತ ಬರೀತಾನೆ. ಇಲ್ಲಿ ಮಾತ್ರ ಕುಳಂದೈ, ದೈಗೆ ಸೊಂಡಿಲಿಲ್ಲ ನೋಡಿ. ಮೇಡಂ, ಕೈ ಕಟ್ಟಿಕೊಂಡು ಈಜಿದ ಹಾಗೆ ಬರೆದಿದಾನೆ."

"ಯಾಕೆ?"

"ಕಂಪ್ಯೂಟರಿನವನಾಗಿದ್ರೆ ಗೊತ್ತಿಲ್ದೆ ಹೊಸ ಅಕ್ಷರ ಹಾಕಿ ಸಿಕ್ಕಿಬೀಳ್ತಿದ್ದ. ಇವನಿಗೆ ಹಳೇ ಅಕ್ಷರ ಗೊತ್ತು, ಆದ್ರೆ ಕೈಯಲ್ಲಿ ಇಲ್ಲ." ಹಾಳೆಯ ಬೆನ್ನ ಮೇಲೆ ಬೆರಳಾಡಿಸಿದರು. "ಅಚ್ಚಿನ ಮೊಳೆ ಒತ್ತಿದ ಉಬ್ಬು ಇದೆ. ಸೀಸದ ಮೊಳೆ ಜೋಡಿಸಿ, ಯಂತ್ರದಲ್ಲಿ ಒತ್ತಿದ್ದು. ಆ ಮೊಳೆಗಳಲ್ಲಿ ಆನೆ ಇಲ್ಲ, ಅಷ್ಟೇ."

ಸುತ್ತಲಿನ ಊರುಗಳಲ್ಲಿ ಮೊಳೆ ಜೋಡಿಸುವ ಅಚ್ಚುಕೂಟ ಇದ್ದದ್ದು ಎರಡು. ಒಂದನ್ನು 1998ರಲ್ಲೇ ತೂಕಕ್ಕೆ ಹಾಕಿದ್ದರು. ಇನ್ನೊಂದು ರಾಣಿ ಬೀದಿಯ ಕೊನೆಯಲ್ಲಿತ್ತು. ಮದುವೆ ಕಾರ್ಡಿನ ಅಚ್ಚುಕೂಟ, ಆರು ವರ್ಷದಿಂದ ಬಾಗಿಲು ಮುಚ್ಚಿತ್ತು. ಮಾಲೀಕ ವೇದಮಾಣಿಕ್ಕಂ, ವಯಸ್ಸು ಎಪ್ಪತ್ತನಾಲ್ಕು. ಪುಸ್ತಕ ಹೊಲಿಯುವ ಕೆಲಸವೂ ಬರುತ್ತಿತ್ತು.

"ಸುಗುಣಾ ಬೀಗರು," ಎಂದರು ತಿಲಗವತಿ.

"ಅದಕ್ಕೇ ಬಾಯಿ ಹೊಲ್ಕೊಂಡಿದಾಳೆ," ಎಂದರು ಏಟ್ಟಯ್ಯ.

ಯಾರು ಎನ್ನುವುದು ಗೊತ್ತಾಯಿತು, ಯಾಕೆ ಎನ್ನುವುದು ಬುಧವಾರ ಬೆಳಿಗ್ಗೆ 9.30ಕ್ಕೆ ಕೋಪನ್‌ಹೇಗನ್‌ನಿಂದ ಬಂತು. ರಾಜರಿಗಂ ಫೋಟೋವನ್ನು ಮುದ್ರಿಸಿ ತಂದಿದ್ದರು. ತಾವು ಇನ್ನೂ ಪೂರ್ತಿ ಓದಿಲ್ಲ, ಕನ್ನಡಕ ಮನೆಯಲ್ಲಿದೆ ಎಂದರು. ಏಟ್ಟಯ್ಯ ಗಟ್ಟಿಯಾಗಿ ಓದಿದರು.

ಡೇನರ ಕಾಲದ ಒಂದು ಬರಗಾಲದ ವರ್ಷ. ಕೋಟೆಯ ಹೊರಗೆ ಜನ ಬಿದ್ದು ಸಾಯುತ್ತಿದ್ದರು. ಚರ್ಚಿನ ಕಣಜದಲ್ಲಿ ಅಕ್ಕಿ ಅಳೆದು ಕೊಡುವ ಕೆಲಸ ಮುತ್ತಯ್ಯನದು. ಪಕ್ಕದ ಮನೆಯ ವಿಧವೆ ಸಂದಾಯಿ ತನ್ನ ಮಕ್ಕಳನ್ನು ಕಾಯಲು ಅವನ ಬಳಿ ಬಿಟ್ಟು ಅಕ್ಕಿ ಹುಡುಕಿಕೊಂಡು ಒಳನಾಡಿಗೆ ಹೋದಳು. ಅವಳು ಮರಳಿ ಬರುವಷ್ಟರಲ್ಲಿ ಮುತ್ತಯ್ಯ ಆ ಮಕ್ಕಳನ್ನೂ ಇನ್ನೂ ನಾಲ್ವರನ್ನೂ, ಒಟ್ಟು ಏಳು ಜನರನ್ನು ಹಡಗಿನವರಿಗೆ ಗುಲಾಮರಾಗಿ ಮಾರಿದ್ದ. ಏಳು ಹೆಸರುಗಳೂ ಇದ್ದವು. ಏಳನೆಯವಳು, ಸಂದಾಯಿಯ ಕಿರಿಯ ಮಗಳು, ಹಡಗಿಗೆ ಸಾಮಾನು ಒಯ್ಯುತ್ತಿದ್ದ ಉಪ್ಪಿನ ದೋಣಿಯಲ್ಲಿ ಅಡಗಿ ದಡಕ್ಕೆ ಮರಳಿದಳು. ಅವಳ ವಂಶದವರನ್ನು ಇಂದಿಗೂ ಉಪ್ಪುದೋಣಿಯವರೆಂದೂ, ಮುತ್ತಯ್ಯನ ವಂಶದವರನ್ನು ಅಳತೆಕಾರರೆಂದೂ ಕರೆಯುತ್ತಾರೆ. ಎರಡೂ ಮನೆಗಳು ಒಂದೇ ಬೀದಿಯಲ್ಲಿವೆ.

ಏಟ್ಟಯ್ಯ ಫೋಟೋವನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ಇದನ್ನ ಮನೆಮನೆಗೆ ಹಂಚ್ಬೇಕು ಅಂತಿದ್ರಾ ನೀವು?" ಎಂದರು ತಿಲಗವತಿ.

"ಚರಿತ್ರೆ ಅಲ್ವಾ ಮೇಡಂ," ಎಂದರು ರಾಜರಿಗಂ. ದನಿ ಅರ್ಧಕ್ಕೆ ಇಳಿದಿತ್ತು.

ಬೆಳಿಗ್ಗೆ 11.15. ಅಚ್ಚುಕೂಟದ ಬಾಗಿಲು ತೆರೆದವನು ವೇದಮಾಣಿಕ್ಕನೇ. ಒಳಗೆ ಮದುವೆಯ ಸಾಮಾನು ಪೇರಿಸಿತ್ತು. ಬಾಡಿಗೆ ಕುರ್ಚಿಗಳು ಕಾಲುತುಳಿ ಯಂತ್ರಕ್ಕೆ ಒರಗಿದ್ದವು. ಯಂತ್ರದ ಗಾಲಿಗೆ ಎಣ್ಣೆ ಹಾಕಿದ್ದು ಕಾಣುತ್ತಿತ್ತು. ಹಿಂದಿನ ಕೋಣೆಯಿಂದ ಹುಡುಗಿಯ ದನಿ ಬಂತು.

"ಯಾರು ತಾತಾ ಬಂದಿರೋದು?"

ಮುದುಕ ಖಾಕಿಯನ್ನು ನೋಡಿದ, ಬಾಗಿಲನ್ನು ನೋಡಿದ. "ಕಾರ್ಡ್ ಮಾಡಿಸೋಕೆ ಬಂದಿದಾರೆ ಕಣಮ್ಮ. ನೀನು ನಿನ್ನ ಕೆಲಸ ನೋಡು."

ತಿಲಗವತಿ ಆ ಸುಳ್ಳನ್ನು ತಿದ್ದಲಿಲ್ಲ. ದನಿ ತಗ್ಗಿಸಿದರು.

"ಯಂತ್ರ ಓಡಿಸಿ ಎಷ್ಟು ದಿನ ಆಯ್ತು?"

"ಆರು ವರ್ಷ."

"ಎಣ್ಣೆ?"

"ತುಕ್ಕು ಹಿಡೀಬಾರದು ಅಂತ."

ಏಟ್ಟಯ್ಯ ಮೊಳೆಗಳ ಮರದ ತಟ್ಟೆಯ ಮುಂದೆ ನಿಂತಿದ್ದರು. ನೂರಾರು ಸಣ್ಣ ಮನೆಗಳು, ಒಂದೊಂದರಲ್ಲಿ ಒಂದೊಂದು ಅಕ್ಷರ. ಬಲಗಡೆಯ ಸಾಲಿನಲ್ಲಿ ನಾಲ್ಕು ಮನೆ ಖಾಲಿ.

"ತಾತಾ, ಇಲ್ಲಿದ್ದ ಆನೆಗಳೆಲ್ಲ ಎಲ್ಲಿ ಹೋದ್ವು?"

ಆ ಹೆಸರು ಕೇಳಿ ಮುದುಕನಿಗೆ ಒಂದು ಕ್ಷಣ ಹಿಗ್ಗಾಯಿತು. "ಎಂಬತ್ತರಲ್ಲೇ ಕರಗಿಸಿದ್ವಿ ಏಟ್ಟಯ್ಯ. ಸರ್ಕಾರ ಬೇಡ ಅಂದ್ಮೇಲೆ ಇಟ್ಕೊಂಡು ಏನ್ಮಾಡೋದು. ಹನ್ನೊಂದು ಕಿಲೋ ಸೀಸ. ಹೊಸ ಮೊಳೆ ಬೇರೆ ತರಿಸಿ..." ಅಲ್ಲಿಗೆ ನಿಂತ. ತಾನು ಏನು ಹೇಳಿದೆನೆಂದು ಗೊತ್ತಾಯಿತು. ಒಂದು ಬಾಡಿಗೆ ಕುರ್ಚಿಯನ್ನು ಎಳೆದುಕೊಂಡು ಕುಳಿತ.

"ಹೊಸ ಮೊಳೆ ಇತ್ತಲ್ಲ. ಅದನ್ನ ಹಾಕ್ಬೇಕಿತ್ತು," ಎಂದರು ಏಟ್ಟಯ್ಯ.

"ಆ ಪುಸ್ತಕದಲ್ಲಾ?" ಮುದುಕ ತಲೆಯಾಡಿಸಿದ. "ಹೊಂದಲ್ಲ. ನೋಡಿದವನು ನಗ್ತಾನೆ."

"ಸುಗುಣಾ ಯಾವಾಗ ಕೊಟ್ರು ಪುಸ್ತಕ?"

"ಅವಳನ್ನ ಬಿಟ್ಟಿದೀರಾ?"

"ಸಂಜೆ ನಾಲ್ಕಕ್ಕೆ ಬಂಧಿಸ್ತೀನಿ."

"ಹತ್ತೊಂಬತ್ತು ಆಗಿಬಿಡ್ಲಿ ಅಮ್ಮಾ. ಇಪ್ಪತ್ತಕ್ಕೆ ನಾನೇ ನಡ್ಕೊಂಡು ಠಾಣೆಗೆ ಬರ್ತೀನಿ. ಬೈಬಲ್ ಮುಟ್ಟಿ ಹೇಳ್ತೀನಿ."

"ಅಲ್ಲೀವರೆಗೂ ಸುಗುಣಾ ಜೈಲಲ್ಲಿರ್ತಾರೆ. ಗಂಡಿನ ತಾಯಿ ಜೈಲಲ್ಲಿದ್ರೆ ಯಾವ ಮದುವೆ?"

"ನಾನು ಒಪ್ಕೊಂಡ್ರೆ ಆ ಹಾಳೆ ಹೊರಗೆ ಬರುತ್ತೆ. ಹಾಳೆ ಹೊರಗೆ ಬಂದ್ರೆ ಯಾವ ಮದುವೆ?"

ಹಿಂದಿನ ಕೋಣೆಯಲ್ಲಿ ಪ್ಯೂಲಾ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದಳು. ಮುದುಕ ಆ ಕಡೆಗೆ ಕಿವಿ ಕೊಟ್ಟ. ಆಮೇಲೆ ನಿಧಾನವಾಗಿ ಹೇಳತೊಡಗಿದ, ಏಟ್ಟಯ್ಯ ಬರೆದುಕೊಂಡರು.

ಹದಿನೆಂಟನೇ ವಯಸ್ಸಿನಲ್ಲಿ ಕೆಲಸ ಕಲಿಯುವಾಗ ಆ ಪುಸ್ತಕ ರಟ್ಟು ಹಾಕಲು ಅವನ ಕೈಗೆ ಬಂದಿತ್ತು. ಆಗಲೇ ಓದಿದ್ದ. ಐವತ್ತಾರು ವರ್ಷ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಇಲ್ಲ. ಓದುಶಾಲೆಯಲ್ಲಿ ಅದನ್ನು ಯಾರೂ ತೆರೆಯುತ್ತಿರಲಿಲ್ಲ, ಹಾಗಾಗಿ ಬದುಕಿದ್ದ. ಕಳೆದ ವರ್ಷ ಮೇ ತಿಂಗಳಲ್ಲಿ ಉಪ್ಪುದೋಣಿ ಮನೆಯವರು ಪ್ಯೂಲಾಳನ್ನು ಕೇಳಿಕೊಂಡು ಬಂದರು. ಅದೇ ತಿಂಗಳು ಪುಸ್ತಕವನ್ನು ಮನೆಮನೆಗೆ ಹಂಚುವ ತೀರ್ಮಾನವಾಯಿತು. ಜೂನ್‌ನಲ್ಲಿ ಸುಗುಣಾ ತಾನೇ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಬಂದಳು. ದಾರ ಹರಿದಿದೆ, ಓದುಶಾಲೆಯವರು ರಿಪೇರಿ ಮಾಡಿಸುವುದಿಲ್ಲ, ನೀವು ಹೊಲಿದುಕೊಡಿ ತಾತಾ, ಯಾರಿಗೂ ಹೇಳಬೇಡಿ. ಇಪ್ಪತ್ತು ದಿನ ಪುಸ್ತಕ ಅವನ ಬಳಿ ಇತ್ತು. ಹಳೆಯ ಚರ್ಚ್ ದಫ್ತರವೊಂದರ ಖಾಲಿ ಹಾಳೆ ಹರಿದು, ಮಾತು ಕಟ್ಟಿ, ಮೊಳೆ ಜೋಡಿಸಿ ಒತ್ತಿದ್ದ.

"ಸುಗುಣಾಗೆ ಗೊತ್ತಿತ್ತಾ?"

"ಇಲ್ಲ. ಪುಸ್ತಕ ಕೊಟ್ಟಿದ್ದು, ಇಸ್ಕೊಂಡಿದ್ದು, ಅಷ್ಟೇ ಅವಳು. ಬರ್ಕೊಳ್ಳಿ ಏಟ್ಟಯ್ಯ, ಅದನ್ನ ಮೊದಲು ಬರ್ಕೊಳ್ಳಿ."

"ನಿಮ್ಮ ಪುಟದಲ್ಲೂ ಏಳು ಹೆಸರು ಇದೆಯಲ್ಲ," ಎಂದರು ತಿಲಗವತಿ. ನಕಲಿ ಹಾಳೆಯಲ್ಲಿ ಮುತ್ತಯ್ಯನಿರಲಿಲ್ಲ, ಮಾರಾಟವಿರಲಿಲ್ಲ. ಆ ವರ್ಷ ಏಳು ಜನರು ಹಡಗು ಹತ್ತಿದರು, ಕಡಲು ಶಾಂತವಾಗಿತ್ತು ಎಂದಷ್ಟೇ ಇತ್ತು. "ಅವನ್ನ ಯಾಕೆ ಉಳಿಸಿದ್ರಿ?"

"ಅವನ್ನೂ ಕಿತ್ತುಹಾಕಿದ್ರೆ ಎರಡನೇ ಸಲ ಮಾರಿದ ಹಾಗಾಗ್ತಿತ್ತು."

ಅಸಲು ಹಾಳೆ ಮೊಳೆ ತಟ್ಟೆಯ ಕೆಳಗಿನ ಖಾನೆಯಲ್ಲಿ, ಎರಡು ರಟ್ಟುಗಳ ನಡುವೆ ಸಿಕ್ಕಿತು. ಯಾಕೆ ಸುಡಲಿಲ್ಲ ಎಂದು ಏಟ್ಟಯ್ಯ ಕೇಳಿದ್ದಕ್ಕೆ, ಅಚ್ಚಾದದ್ದನ್ನು ಅಚ್ಚಿನವನು ಸುಡುವುದಿಲ್ಲ ಎಂದ. 12.50ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಜಪ್ತಿ ಪಂಚನಾಮೆ ಮುಗಿಯಿತು. 1.05ಕ್ಕೆ ಬಂಧನ. ಹೊರಡುವಾಗ ಪ್ಯೂಲಾ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ, ಹೇಳಬೇಕಾದವನು ಚಪ್ಪಲಿ ಹುಡುಕುತ್ತಿದ್ದ.

ಸಂಜೆಯ ಹೊತ್ತಿಗೆ ಪುಟದ ಫೋಟೋ ರಾಣಿ ಬೀದಿಯ ಫೋನುಗಳಲ್ಲೆಲ್ಲ ಇತ್ತು. ರಾಜರಿಗಂ ಒಬ್ಬರಿಗೆ ಮಾತ್ರ ತೋರಿಸಿದ್ದರಂತೆ.

ಗುರುವಾರ ಬೆಳಿಗ್ಗೆ 8.20. ಹತ್ತೂವರೆಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಸುಗುಣಾ ಸ್ಟೀಲಿನ ಡಬ್ಬಿ ಹಿಡಿದು ಠಾಣೆಗೆ ಬಂದಳು. ಸಾಕ್ಷಿಯಾಗಿ ಅವಳ ಹೇಳಿಕೆ ಪಡೆಯುವುದಿತ್ತು, ಅದಕ್ಕೆ ಕರೆದದ್ದು. ಡಬ್ಬಿ ಅವಳಾಗಿ ತಂದದ್ದು.

ಪುಸ್ತಕ ಹೊರಗೆ ಕೊಟ್ಟದ್ದನ್ನು ಒಪ್ಪಿಕೊಂಡು ಸಹಿ ಹಾಕಿದಳು. ತಿಲಗವತಿ ಪೆನ್ನು ಕೆಳಗಿಟ್ಟರು.

"ಇದು ಹೇಳಿಕೆಗಲ್ಲ. ಪುಟ ಓದಿದ್ರಾ?"

"ಮಗ ಓದಿ ಹೇಳ್ದ."

"ಮದುವೆ?"

"ಅದಕ್ಕೇನಾಯ್ತು?"

"ಪುಟದಲ್ಲಿರೋದು..."

"ಮೇಡಂ, ನಮ್ಮ ಮನೆಗೆ ಸೊಸೆ ಬಂದ ವರ್ಷ ಅತ್ತೆ ಕೂರಿಸಿಕೊಂಡು ಹೇಳ್ತಾರೆ. ನನಗೂ ಹೇಳಿದ್ರು. ಅಳತೆಕಾರರು ನಮ್ಮನ್ನ ಮಾರಿದವರು, ತಿಳ್ಕೊಂಡಿರು, ಬೀದೀಲಿ ಆಡ್ಬೇಡ, ಅವರೂ ಬಾಳ್ಬೇಕು ಅಂತ. ಪುಸ್ತಕದಲ್ಲಿ ಅಚ್ಚಾಗಿದೆ ಅಂತ ಮಾತ್ರ ಗೊತ್ತಿರ್ಲಿಲ್ಲ. ಹನ್ನೆರಡು ವರ್ಷ ಅದರ ಧೂಳು ಒರೆಸಿದೀನಿ ನಾನು."

"ಗೊತ್ತಿದ್ದೂ ಹೆಣ್ಣು ಕೇಳಿದ್ರಾ?"

"ಹುಡುಗಿ ಚೆನ್ನಾಗಿದಾಳೆ. ನನ್ನ ಮಗ ಅವಳ ಮುಂದೆ ಬಾಯಿಬಿಡಲ್ಲ, ಅವನಿಗೆ ಅಂಥವಳೇ ಬೇಕು." ಸುಗುಣಾ ಡಬ್ಬಿಯ ಮುಚ್ಚಳ ಒತ್ತಿ ಸರಿಮಾಡಿದಳು. "ತಾತ ಬರೋವರೆಗೂ ಕಾಯ್ತೀವಿ. ಈಸ್ಟರ್ ಆದ್ಮೇಲೆ ಮಾಡಿದ್ರಾಯ್ತು. ಅವರಿಲ್ದೆ ಹುಡುಗೀನ ಕೈಹಿಡಿದು ಕೊಡೋರು ಯಾರು?"

ತಿಲಗವತಿ ಲಾಕಪ್ಪಿಗೆ ಹೋಗಿ ಅದನ್ನೆಲ್ಲ ಹೇಳಿದರು. ಸಮಾಧಾನವಾಗಲಿ ಎಂದೇ ಹೇಳಿದ್ದು. ಮುದುಕ ಸರಳಿನ ಹಿಂದೆ ಚಾಪೆಯ ಮೇಲೆ ಕೂತು ಕೇಳಿಸಿಕೊಂಡ.

"ಎಲ್ಲರಿಗೂ ಗೊತ್ತಿತ್ತಾ?"

"ಆ ಮನೆಯ ಹೆಂಗಸರಿಗೆ."

"ಸುಗುಣಾಳ ಅತ್ತೆ ಪ್ರತಿ ಕ್ರಿಸ್‌ಮಸ್‌ಗೆ ನನಗೆ ಅಂತ ಪ್ರತ್ಯೇಕ ಚಕ್ಕುಲಿ ಕಳಿಸ್ತಿದ್ಲು," ಎಂದ. "ನನ್ನ ಹೆಂಡತಿ ಸತ್ತಾಗ ಮೂರು ದಿನ ನಮ್ಮನೇಲೇ ಇದ್ದು ಅಡುಗೆ ಮಾಡಿದ್ಲು. ಬೀದೀಲಿ ಎದುರಾದ್ರೆ ನಾನು ಅಂದ್ಕೊಳ್ತಿದ್ದೆ, ಪಾಪ, ಇವಳಿಗೆ ಏನೂ ಗೊತ್ತಿಲ್ಲ ಅಂತ." ಉಸಿರು ಎಳೆದುಕೊಂಡ. "ಅವಳೂ ನನ್ನ ನೋಡಿ ಅದನ್ನೇ ಅಂದ್ಕೊಂಡಿರ್ತಾಳೆ."

ಕೇಸ್ ಡೈರಿಯಲ್ಲಿ ಉದ್ದೇಶ ಎನ್ನುವ ಕಡೆ ತಿಲಗವತಿ ಬರೆದರು: ಪೂರ್ವಿಕನ ಕೃತ್ಯ ಬಯಲಾದರೆ ಮೊಮ್ಮಗಳ ಮದುವೆ ಮುರಿಯಬಹುದೆಂಬ ಭಯ. ಹಣದ ಆಸೆ ಕಂಡುಬಂದಿಲ್ಲ. ಓದಿ ನೋಡಿದರು. ತಪ್ಪೇನೂ ಇರಲಿಲ್ಲ. ಸಮಯ ಬರೆದು ಸಹಿ ಹಾಕಿದರು, 9.10.

ಜೀಪು ಬರಲು ಇನ್ನೂ ಒಂದು ಗಂಟೆಯಿತ್ತು. ಲಾಕಪ್ಪಿನ ಸರಳಿಗೆ ಎದುರಾಗಿ ವರಾಂಡದ ಬಾಗಿಲು, ಬಾಗಿಲಾಚೆ ಬೆಂಚು. ಬೆಂಚಿನ ಮೇಲೆ ಸುಗುಣಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಿಸಿ ಆರಿದರೂ ಪರವಾಗಿಲ್ಲ, ತಾತ ಹಸಿವಾದಾಗ ತಿನ್ನಲಿ ಎಂದಿದ್ದಳು. ಅಲ್ಲಿಂದ ಒಳಗೆ ನೋಡಿದರೆ ಮುದುಕ ಕಾಣುತ್ತಿದ್ದ, ಒಳಗಿಂದ ನೋಡಿದರೆ ಅವಳು.

"ಏಟ್ಟಯ್ಯ," ಎಂದು ಮುದುಕ ಮೆಲ್ಲಗೆ ಕರೆದ.

"ನೀರು ಬೇಕಾ ತಾತಾ?"

"ಬೇಡ. ಆ ಬಾಗಿಲು ಹಾಕಿಬಿಡಿ."